ಹೊತ್ತು ಮುಳುಗಿದ ಮೇಲೆ ಅರಳುವ ಹಿತ್ತಲು

ಏಪ್ರಿಲ್ ಬಂತೆಂದರೆ ಕಲ್ಮಲದಲ್ಲಿ ಮಧ್ಯಾಹ್ನ ಹಿತ್ತಲಿಗೆ ಇಳಿಯುವಂತಿಲ್ಲ. 40 ಡಿಗ್ರಿ ದಾಟಿದ ಬಿಸಿಲಿಗೆ ದಾಸವಾಳದ ಎಲೆ ಜೋತುಬೀಳುತ್ತದೆ, ಗುಲಾಬಿಯ ಎಸಳಿನ ಅಂಚು ಸುಟ್ಟು ಕಪ್ಪಾಗುತ್ತದೆ. ಐದು ಗಂಟೆ ಕಳೆದು ಗಾಳಿ ತುಸು ತಣ್ಣಗಾದ ಮೇಲೆ ಗೋಡೆ ಬದಿಯ ಸಂಜೆಮಲ್ಲಿಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯ ಈ ಊರಲ್ಲಿ ಹೂದೋಟ ಮಾಡಹೊರಟ ನಾನು ಮೊದಲ ಎರಡು ವರ್ಷ ಹಗಲಿನ ಹೂಗಳ ಹಿಂದೆ ಬಿದ್ದು ಸೋತೆ. ಮೂರನೆಯ ವರ್ಷ ಸಂಜೆಯ ಹೂಗಳ ಕಡೆ ತಿರುಗಿದೆ. ಅವು ಕೂಡ ಸುಲಭಕ್ಕೆ ಒಲಿಯಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಮಣ್ಣಿನಿಂದ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ, ನೀರು ಹಿಡಿದು, ದಿನಗಟ್ಟಲೆ ಜಿಗುಟಾಗಿಯೇ ಇರುತ್ತದೆ. ಹತ್ತಿಗೆ ಒಗ್ಗುವ ಈ ಗುಣ ಸುಗಂಧರಾಜದ ಗಡ್ಡೆಗೆ ಒಗ್ಗಲಿಲ್ಲ. ಆಗಸ್ಟ್ ಮಳೆ ನಿಂತ ಮೇಲೆ ಬುಡ ಕೆದಕಿ ನೋಡಿದರೆ ಗಡ್ಡೆಗಳು ಬೆರಳು ತಾಗುತ್ತಲೇ ಕಿವುಚಿದಂತಾದವು. ಹನ್ನೆರಡರಲ್ಲಿ ಒಂದೂ ಉಳಿದಿರಲಿಲ್ಲ. ಮರುವರ್ಷ ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ತಿಪ್ಪೆಗೊಬ್ಬರ ಕಲಸಿ ಒಂದಡಿ ಎತ್ತರದ ಬೋದು ಕಟ್ಟಿದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೊಟ್ಟ ‘ಪ್ರಜ್ವಲ್’ ತಳಿಯ ಗಡ್ಡೆಗಳನ್ನು ಎರಡಂಗುಲ ಆಳಕ್ಕೆ ಊರಿದೆ. ಅದು ಒಂದೇ ಸುತ್ತು ಎಸಳಿನ ತಳಿ. ಸುಗಂಧರಾಜದಲ್ಲಿ ಹಲವು ಸುತ್ತಿನದಕ್ಕಿಂತ ಒಂದೇ ಸುತ್ತಿನದಕ್ಕೇ ಘಮ ಹೆಚ್ಚು. ದಂಟಿನ ಕೆಳಗಿನ ಮೊಗ್ಗು ಮೊದಲು ಬಿರಿದು, ಸಂಜೆ ಸಂಜೆಗೂ ಒಂದಿಷ್ಟು ಮೇಲೇರುತ್ತ ತುದಿ ಮುಟ್ಟುತ್ತದೆ.

ನೀರಿನ ಲೆಕ್ಕ ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಮೇಲೆ ಒಣಗಿ ಬಿಳಿಚಿದ ಮಣ್ಣು ನೋಡಿ ನಾನು ದಿನಾ ಕೊಡ ಸುರಿಯುತ್ತಿದ್ದೆ. “ಮ್ಯಾಲ ನೋಡಿ ನೀರ ಹಾಕಬ್ಯಾಡವ್ವ, ಬೆರಳ ಇಳಿಸಿ ನೋಡು” ಎಂದರು ಅವರು. ಇಳಿಸಿದರೆ ಎರಡಂಗುಲ ಕೆಳಗೆ ಮಣ್ಣು ಒದ್ದೆಯೇ ಇತ್ತು. ಈಗ ಬುಡಕ್ಕೆ ಭತ್ತದ ಹೊಟ್ಟು ಹರಡಿ, ಬೆರಳಿಗೆ ತೇವ ಸಿಗದಿದ್ದಾಗ ಮಾತ್ರ ಬೆಳಗಿನ ಜಾವ ನೀರು ಕೊಡುತ್ತೇನೆ.

ಇಷ್ಟೆಲ್ಲ ಉಪಚಾರ ಬೇಡದ ಗಿಡವೆಂದರೆ ಸಂಜೆಮಲ್ಲಿಗೆ. ದಕ್ಷಿಣ ಅಮೆರಿಕದಿಂದ ಬಂದ ಇದನ್ನು ಉತ್ತರ ಕರ್ನಾಟಕದಲ್ಲಿ ಗುಲಬಾಕ್ಷಿ ಎಂದೂ ಕರೆಯುತ್ತಾರೆ. ನೀರು ಸಿಗದೆ ಒಣಗಿದರೂ ಮಣ್ಣೊಳಗಿನ ದಪ್ಪ ಗಡ್ಡೆಯಲ್ಲಿ ಜೀವ ಹಿಡಿದುಕೊಂಡು, ಮೊದಲ ಮಳೆಗೆ ಚಿಗುರುತ್ತದೆ. ಒಂದು ಹೂವಿಗೆ ಒಂದೇ ಬೀಜ. ಹಸಿರು ಬಟ್ಟಲಲ್ಲಿ ಕರಿ ಮೆಣಸಿನ ಕಾಳು ಇಟ್ಟಂತೆ ಕೂತಿರುತ್ತದೆ. ನನ್ನ ಒಂದು ಗಿಡದಲ್ಲಿ ಹಸಿರು ಎಲೆಯ ನಡುವೆ ಒಂದೇ ಕೊಂಬೆಯಲ್ಲಿ ಬಿಳಿ ಮಚ್ಚೆಯ ಎಲೆಗಳು ಬಂದವು. ಇಂಥದೇ ಮಚ್ಚೆ ಎಲೆಯ ಸಂಜೆಮಲ್ಲಿಗೆಯನ್ನು ಅಭ್ಯಾಸ ಮಾಡಿ ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲಿ, ಎಲೆಯ ಬಣ್ಣ ಇಲ್ಲಿ ತಾಯಿಯ ಕಡೆಯಿಂದ ಮಾತ್ರ ಇಳಿದು ಬರುತ್ತದೆ ಎಂದು ತೋರಿಸಿದರು. ಮಚ್ಚೆ ಕೊಂಬೆಯ ಬೀಜಗಳನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟು ಬಿತ್ತಿದೆ. ಸಸಿಗಳಲ್ಲಿ ಕೆಲವು ಹಸಿರು, ಕೆಲವು ಮಚ್ಚೆ. ಪೂರಾ ಬಿಳಿಯಾಗಿ ಹುಟ್ಟಿದ ಎರಡು ಸಸಿ ವಾರದೊಳಗೆ ಸತ್ತವು. ಹಸಿರಿಲ್ಲದ ಎಲೆ ಅನ್ನ ಬೇಯಿಸಿಕೊಳ್ಳಲಾರದು.

ಸಂಜೆ ಅರಳುವುದು ಅಂಗಳದ ಹೂ ಮಾತ್ರವಲ್ಲ ಎಂದು ತಿಳಿದದ್ದು ಸೋರೆ ಬಳ್ಳಿಯಿಂದ. ಹತ್ತಿಕಟ್ಟಿಗೆಯ ಹಂದರದ ತುಂಬ ಬಿಳಿ ಹೂ ಬಿಟ್ಟರೂ ಕಾಯಿ ನಿಲ್ಲುತ್ತಿರಲಿಲ್ಲ. ಹೆಬ್ಬೆರಳಿನಷ್ಟಾದ ಮಿಡಿ ಹಳದಿಗೆ ತಿರುಗಿ ಉದುರುತ್ತಿತ್ತು. ಕೈಯಿಂದ ಪರಾಗಸ್ಪರ್ಶ ಮಾಡಬೇಕೆಂದು ಯಾರೋ ಹೇಳಿದ್ದು ಕೇಳಿ, ಒಂದು ವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಗಂಡು ಹೂವನ್ನು ಹೆಣ್ಣು ಹೂವಿಗೆ ತಾಗಿಸಿದೆ. ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಹಂದರದ ಕೆಳಗೇ ಕೂತು ನೋಡಿದೆ: ಸೋರೆ ಹೂ ಬಿಚ್ಚಿದ್ದು ಹೊತ್ತು ಇಳಿಯುವಾಗ. ಮರುದಿನ ಬಿಸಿಲೇರುವಷ್ಟರಲ್ಲಿ ಅದು ಹಿಂಡಿದ ಅರಿವೆಯಂತಾಗಿತ್ತು. ನಾನು ಇಡೀ ವಾರ ಬಾಡಿದ ಹೂವಿಗೆ ಪರಾಗ ಹಚ್ಚಿದ್ದೆ. ಅಂದಿನಿಂದ ಸಂಜೆ ಆರೂವರೆಗೆ, ಬುಡದಲ್ಲಿ ನವಿರು ಕೂದಲಿನ ಪುಟ್ಟ ಸೋರೆಯಿರುವ ಹೆಣ್ಣು ಹೂ ಹುಡುಕಿ, ಗಂಡು ಹೂವಿನ ಎಸಳು ಕಿತ್ತು ಒಳಗಿನ ಪುಡಿ ಮೆಲ್ಲಗೆ ಸವರಿದೆ. ಐದರಲ್ಲಿ ಮೂರು ಮಿಡಿ ನಿಂತವು. ಗೀರು ಹೀರೆಯ ಹಳದಿ ಹೂವೂ ಸಂಜೆಯದೇ. ಅದರದೇ ಬಳಗದ ತುಪ್ಪದ ಹೀರೆ ಮಾತ್ರ ನಸುಕಿಗೆ ಅರಳುತ್ತದೆ.

ನಾನು ಮಾಡಿದ ಈ ಪರಾಗ ಸವರುವ ಕೆಲಸ ಯಾರದಾಗಿತ್ತು? ಜೇನ್ನೊಣ ಗೂಡು ಸೇರಿದ ಮೇಲೆ ಬರುವ ಪತಂಗಗಳದು. ಕತ್ತಲಲ್ಲಿ ಕಾಣಲೆಂದು ಬಿಳಿ ಬಣ್ಣ, ದೂರದಿಂದ ಕರೆಯಲೆಂದು ಘಮ, ಉದ್ದ ಸೊಂಡಿಲಿಗೆ ಸರಿಯಾಗಿ ಉದ್ದ ಕೊಳವೆ: ಸುಗಂಧರಾಜ, ಪಾರಿಜಾತ, ರಾತ್ರಿರಾಣಿ ಎಲ್ಲದರ ಕಟ್ಟೂ ಇಂಥದೇ. ಆದರೆ ನನ್ನ ಹಿತ್ತಲ ಹೂಗಳಿಗೆ ಪತಂಗ ಬರುತ್ತಿರಲಿಲ್ಲ. ಅದಕ್ಕೆ ಎರಡು ಕಾರಣ, ಎರಡೂ ನನ್ನ ಕೈಯಿಂದಲೇ ಆದವು.

ನಂದಿಬಟ್ಟಲಿನ ಎಲೆ ತಿನ್ನುವ ಹಸಿರು ಹುಳಗಳನ್ನು ಕಂಡಾಗಲೆಲ್ಲ ಕಿತ್ತು ಹಾಕುತ್ತಿದ್ದೆ, ಒಮ್ಮೆ ಔಷಧವನ್ನೂ ಹೊಡೆದಿದ್ದೆ. ಬೆರಳುದ್ದದ ಮೈ, ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಬೊಟ್ಟು, ಬಾಲದಲ್ಲಿ ಚಿಕ್ಕ ಕೊಂಬು. ಕಣಗಿಲೆ, ನಂದಿಬಟ್ಟಲು ತಿಂದು ಬೆಳೆಯುವ ಈ ಹುಳ ಬಲಿತ ಮೇಲೆ ಕಂದು ಬಣ್ಣಕ್ಕೆ ತಿರುಗಿ, ಕೆಳಗಿಳಿದು ತರಗೆಲೆಯಲ್ಲಿ ಕೋಶ ಕಟ್ಟುತ್ತದೆ. ಅಲ್ಲಿಂದ ಹೊರಬರುವುದು ಹಸಿರು, ಗುಲಾಬಿ ಅಲೆಗಳ ರೆಕ್ಕೆಯ ದೊಡ್ಡ ಪತಂಗ. ನಾನು ತರಗೆಲೆಯನ್ನೂ ವಾರಕ್ಕೊಮ್ಮೆ ಗುಡಿಸಿ ಸುಡುತ್ತಿದ್ದೆ. ಈಗ ನಂದಿಬಟ್ಟಲಿನ ಒಂದು ಗಿಡ ಪೂರ್ತಿ ಹುಳಕ್ಕೇ ಬಿಟ್ಟಿದ್ದೇನೆ. ಅದು ಬೋಳಾಗುತ್ತದೆ, ತಿಂಗಳೊಳಗೆ ಮತ್ತೆ ಚಿಗುರುತ್ತದೆ.

ಇನ್ನೊಂದು ಕಾರಣ ದೀಪ. ಹಿತ್ತಲ ಬಾಗಿಲ ಬಳಿಯ ಬೆಳ್ಳಗಿನ ಎಲ್‌ಇಡಿ ರಾತ್ರಿಯಿಡೀ ಉರಿಯುತ್ತಿತ್ತು. ಬಂದ ಪತಂಗಗಳೆಲ್ಲ ಅದರ ಸುತ್ತ ಸುತ್ತಿ ಗೋಡೆಗೆ ಕೂರುತ್ತಿದ್ದವು. ಈಗ ಬೇಕಾದಾಗ ಮಾತ್ರ ಹಾಕುತ್ತೇವೆ.

ರಾತ್ರಿರಾಣಿಯನ್ನು ಮಲಗುವ ಕೋಣೆಯ ಕಿಟಕಿಗೆ ಒತ್ತಿ ನೆಟ್ಟದ್ದು ಇನ್ನೊಂದು ತಪ್ಪು. ಹೂ ತುಂಬಿದ ವಾರ ಮನೆಯಲ್ಲಿ ತಲೆನೋವು. ಅದರ ಪುಟ್ಟ ಬಿಳಿ ಹಣ್ಣು ವಿಷ. ಸಂಜೆಮಲ್ಲಿಗೆಯ ಬೀಜವೂ ತಿನ್ನುವಂಥದ್ದಲ್ಲ. ಮಕ್ಕಳು ಆಡುವ ಮನೆಯಾದ್ದರಿಂದ ರಾತ್ರಿರಾಣಿಯನ್ನು ಹಿಂಬದಿ ಕಂಪೌಂಡಿಗೆ ಸಾಗಿಸಿ, ಹೂ ಮುಗಿದ ಕೂಡಲೇ ಕಾಯಿ ಕಟ್ಟುವ ಮೊದಲೇ ರೆಂಬೆ ಕತ್ತರಿಸುತ್ತೇನೆ. ಕತ್ತರಿ ದುಂಡುಮಲ್ಲಿಗೆಗೂ ಬೇಕು: ನವೆಂಬರ್ ಕೊನೆಗೆ ನೀರು ತಗ್ಗಿಸಿ ಮೊಳಕಾಲೆತ್ತರಕ್ಕೆ ಸವರಿ, ಆಮೇಲೆ ಗೊಬ್ಬರ ಕೊಟ್ಟರೆ ಮಾರ್ಚ್‌ನಿಂದ ಮೊಗ್ಗು. ಆ ಮೊಗ್ಗನ್ನು ಬೆಳಿಗ್ಗೆಯೇ ಬಿಡಿಸಿ ಒದ್ದೆ ಅರಿವೆಯಲ್ಲಿಟ್ಟರೆ ಸಂಜೆ ಮುಡಿಯುವ ಹೊತ್ತಿಗೆ ಬಿರಿಯುತ್ತದೆ.

ಕಳೆದ ಶ್ರಾವಣದ ಒಂದು ಸಂಜೆ ಸೋರೆಯ ಗಂಡು ಹೂ ಹಿಡಿದು ಹಂದರದ ಕೆಳಗೆ ನಿಂತಿದ್ದೆ. ಕಿವಿಯ ಪಕ್ಕ ಸಣ್ಣಗೆ ಗುಂಯ್ ಎಂದಿತು. ಹೆಣ್ಣು ಹೂವಿನ ಮುಂದೆ, ಕೂರದೆ, ಗಾಳಿಯಲ್ಲೇ ನಿಂತು ಒಂದು ಪತಂಗ ಸೊಂಡಿಲು ಇಳಿಸಿತ್ತು. ಅಜ್ಜಿಯನ್ನು ಸನ್ನೆ ಮಾಡಿ ಕರೆದೆ. ಅವರು ಬರುವಷ್ಟರಲ್ಲಿ ಅದು ಸುಗಂಧರಾಜದ ಬೋದಿನ ಕಡೆ ಹೋಗಿತ್ತು. ಕೈಯಲ್ಲಿದ್ದ ಹೂವನ್ನು ಅಲ್ಲೇ ಬಿಟ್ಟು ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಹತ್ತು ದಿನಕ್ಕೆ ಆ ಹೆಣ್ಣು ಹೂವಿನ ಮಿಡಿ ಗೇಣುದ್ದವಾಯಿತು.