ಅಟ್ಟದ ಮೇಲಿನ ಪೆಟ್ಟಿಗೆ

ಓದತಕ್ಕ ಭಾಗಗಳು: ಆದಿಕಾಂಡ 35:1-4, ಯೆಹೋಶುವ 4:1-9, ಎರಡನೆಯ ಅರಸುಗಳು 18:1-4.



ಮುಂಗಾರಿಗೆ ಮುಂಚೆ ಮನೆಯ ಹೆಂಚುಗಳನ್ನು ಸರಿಪಡಿಸುವದು ನಮ್ಮ ಸೀಮೆಯ ವಾಡಿಕೆಯಷ್ಟೆ. ಈ ವರುಷ ಹುಣಸೂರು ತಾಲೂಕಿನ ನಮ್ಮ ಮನೆಯಲ್ಲಿ ಆ ಕೆಲಸ ನಡೆದಾಗ ಅಟ್ಟವನ್ನೂ ಬರಿದುಮಾಡಬೇಕಾಯಿತು. ಒಡೆದ ಕೊಳಗ, ಹೊಗೆಸೊಪ್ಪು ಕಟ್ಟುವ ಕಡ್ಡಿಗಳು, ತುಕ್ಕುಹಿಡಿದ ಲಾಟೀನು ಇವುಗಳ ವಿಷಯದಲ್ಲಿ ಯಾರೂ ವಾದಿಸಲಿಲ್ಲ. ತೀರಿಹೋದ ನಮ್ಮ ತಾಯಿಯ ಪೆಟ್ಟಿಗೆಯನ್ನು ತೆರೆದಾಗಲೇ ನನಗೂ ನನ್ನ ಅಕ್ಕನಿಗೂ ಮಾತು ಬೆಳೆಯಿತು. ಅದರಲ್ಲಿ ಅಜ್ಜಿಯ ತಾಯಿತವಿತ್ತು. ದೀಕ್ಷಾಸ್ನಾನ ಹೊಂದಿದ ದಿವಸ ಆಕೆ ಅದನ್ನು ಕೊರಳಿಂದ ಬಿಚ್ಚಿದಳೆಂದು ಕೇಳಿದ್ದೆವು. ಬಿಸಾಡಲಿಲ್ಲವೆಂಬದು ಈಗ ತಿಳಿಯಿತು.

"ಹೊಳೆಗೆ ಹಾಕಿಬಿಡೋಣ" ಎಂದೆನು.

"ಅವ್ವ ಇಟ್ಟುಕೊಂಡಿದ್ದನ್ನು ಹಾಕೋದಕ್ಕೆ ನೀನು ಯಾರಪ್ಪಾ?" ಎಂದಳು ಅಕ್ಕ.

ಇಂಥ ಪ್ರಶ್ನೆಯು ನಮ್ಮ ನಾಡಿಗೆ ಹೊಸದಲ್ಲ. 1924ರಲ್ಲಿ ಕಾವೇರಿಯ ಪ್ರವಾಹವು ಎಡತೊರೆಯನ್ನು ಹಾಳುಮಾಡಿದ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎತ್ತರದ ನೆಲದಲ್ಲಿ ಕಟ್ಟಲ್ಪಟ್ಟ ಊರೇ ಕೃಷ್ಣರಾಜನಗರ. ಹೆಗ್ಗಡದೇವನಕೋಟೆಯ ಕಡೆ 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಅನೇಕ ಗ್ರಾಮಗಳು ನೀರಿನಲ್ಲಿ ಅಡಗಿದವು. ಹೀಗೆ ಮನೆ ಬಿಟ್ಟವರು, ಯಾವದನ್ನು ಹೊತ್ತುಕೊಳ್ಳಬೇಕು, ಯಾವದನ್ನು ನೀರಿಗೆ ಬಿಡಬೇಕು ಎಂದು ತೀರ್ಮಾನಿಸಲೇಬೇಕಾಯಿತು. ಅಟ್ಟವುಳ್ಳ ನಮಗಾದರೋ ಅದನ್ನು ಮುಂದಕ್ಕೆ ಹಾಕುತ್ತಾ ಬರುವ ಅನುಕೂಲವುಂಟು.

ಸತ್ಯವೇದವು ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುವದಿಲ್ಲ. ಯಾಕೋಬನ ಮನೆಯವರು ಅನ್ಯದೇವರುಗಳನ್ನೂ ಕಿವಿಯ ಒಡವೆಗಳನ್ನೂ ತಂದುಕೊಟ್ಟರು. ಅವನು ಶೆಕೆಮಿನ ಬಳಿಯಲ್ಲಿ ಮರದ ಕೆಳಗೆ ಅವುಗಳನ್ನು ಹೂಳಿಟ್ಟನು. ಯೆಹೋಶುವನಾದರೋ ದೇವರ ಅಪ್ಪಣೆಯಂತೆ ಯೊರ್ದನಿನ ಮಧ್ಯದಿಂದ 12 ಕಲ್ಲುಗಳನ್ನು ತರಿಸಿ ಇಡಿಸಿದನು. ಮುಂದೆ ಮಕ್ಕಳು ಇದೇನೆಂದು ಕೇಳುವಾಗ ತಂದೆಗಳು ವಿವರಿಸಬೇಕಾಗಿತ್ತು. ಇನ್ನು ತಾಮ್ರಸರ್ಪವನ್ನು ನೋಡಿರಿ. ಅದನ್ನು ಮೋಶೆಯೇ ದೇವರಾಜ್ಞೆಯಿಂದ ಮಾಡಿದ್ದನು, ಅದರಿಂದ ಜನರು ಬದುಕಿದರು. ಆದರೂ ಇಸ್ರಾಯೇಲ್ಯರು ಅದಕ್ಕೆ ಧೂಪ ಹಾಕುತ್ತಿದ್ದದರಿಂದ ಹಿಜ್ಕೀಯನು ಅದನ್ನು ಚೂರುಚೂರು ಮಾಡಿದನು. ವಸ್ತು ಬದಲಾಗಿರಲಿಲ್ಲ, ಅದನ್ನು ನೋಡುವವರ ಮನಸ್ಸು ಬದಲಾಗಿತ್ತು.

ಇದನ್ನು ನಾನು ತಡವಾಗಿ ಕಲಿತೆನು. ವೇದಪಾಠಶಾಲೆಯಿಂದ ಬಂದ ಹೊಸದರಲ್ಲಿ, ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿಯು ಅತ್ತೆಯ ಹಿತ್ತಾಳೆ ದೀಪವನ್ನು ಇಟ್ಟುಕೊಂಡಿರುವದನ್ನು ಕಂಡು, ಬಹು ಕಠಿಣವಾಗಿ ಮಾತಾಡಿ ಅದನ್ನು ಮಾರಿಸಿಬಿಟ್ಟೆನು. ಕರೆಂಟು ಹೋದಾಗ ಬೆಳಕಿಗಾಗಿ ಹಚ್ಚುವದಲ್ಲದೆ ಆ ದೀಪಕ್ಕೆ ಬೇರೆ ಉಪಯೋಗವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಆಕೆ ಎದುರಾಡಲಿಲ್ಲ. ಎಂಟು ತಿಂಗಳು ಆರಾಧನೆಗೆ ಬರಲಿಲ್ಲ. ಯಾಕೋಬನ ಮನೆಯವರು ತಾವೇ ತಂದುಕೊಟ್ಟರು. ನಾನು ಕೈಯಿಂದ ಕಿತ್ತುಕೊಂಡೆನು.

ಆದಕಾರಣ ಒಂದು ವಸ್ತುವನ್ನು ಇಡಬೇಕೋ ಬಿಡಬೇಕೋ ತಿಳಿಯದೆ ಇರುವವರು ಹೀಗೆ ಕೇಳಿಕೊಳ್ಳಲಿ: ಇದು ಇಂದು ಕಳೆದುಹೋದರೆ ನನಗೆ ದುಃಖವಾಗುವದೋ, ಭಯವಾಗುವದೋ? ದುಃಖವು ಪ್ರೀತಿಯಿಂದ ಬರುವದು, ಅದಕ್ಕೆ ನಾಚಬೇಕಾಗಿಲ್ಲ. ಭಯವಾಗುವದಾದರೆ, ನಮ್ಮ ಭರವಸವು ಯಾರಲ್ಲಿದೆಯೆಂದು ವಿಚಾರಿಸತಕ್ಕದ್ದು.

ಅಕ್ಕನನ್ನು ಕೇಳಿದೆನು. "ಭಯ ಎಂಥದ್ದು? ಅಜ್ಜಿ ಧೈರ್ಯವಾಗಿ ಬಿಚ್ಚಿದ್ದು ಇದನ್ನೇ ಅಲ್ಲವಾ" ಎಂದಳು. ಆಮೇಲೆ ಪೆಟ್ಟಿಗೆಯ ತಳದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ನಮ್ಮ ತಂದೆಯ ಸತ್ಯವೇದವನ್ನು ಎತ್ತಿ, "ನಿನಗೆ ಜ್ವರ ಬಂದಾಗಲೆಲ್ಲಾ ಅವ್ವ ಇದನ್ನು ನಿನ್ನ ತಲೆದಿಂಬಿನ ಕೆಳಗೆ ಇಡುತ್ತಿದ್ದಳು. ಯಾರಾದರೂ ಬಿಚ್ಚಿ ಓದಿದ್ದು ನೆನಪಿದೆಯಾ?" ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ಅದನ್ನು ಅಲ್ಲೇ ಬಿಚ್ಚಿ ನೋಡಿದರೆ ಎಷ್ಟೋ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ತಾಯಿತವನ್ನು ಅಕ್ಕ ತೆಗೆದುಕೊಂಡು ಹೋದಳು. ಆಕೆಯ ಮೊಮ್ಮಗಳು ಇದೇನೆಂದು ಕೇಳಿ ಅಜ್ಜಿಯ ಕಥೆಯನ್ನೆಲ್ಲಾ ಹೇಳಿಸಿಕೊಂಡಳಂತೆ. ಅದರ ವಿಷಯದಲ್ಲಿ ನನಗೆ ಇನ್ನೂ ಪೂರ್ಣ ಸಮಾಧಾನವಿಲ್ಲವೆಂದು ಮರೆಮಾಡದೆ ಹೇಳುತ್ತೇನೆ. ಕೆಂಪು ಬಟ್ಟೆಯನ್ನು ಮೇಜು ಒರಸುವದಕ್ಕೆ ಇಟ್ಟುಕೊಂಡಿದ್ದೇವೆ. ತಂದೆಯ ಪುಸ್ತಕವನ್ನು ಸಂಜೆಯ ಊಟವಾದ ಮೇಲೆ ಮಕ್ಕಳು ಸರದಿಯಂತೆ ಗಟ್ಟಿಯಾಗಿ ಓದುತ್ತಾರೆ. ಈ ವಾರ ರೂತಳ ಪುಸ್ತಕಕ್ಕೆ ಬಂದಿದ್ದೇವೆ.