ತೆರೆದು ಮುಚ್ಚುವ ಮರ

ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ತುಂಗಾ ಮತ್ತು ಭದ್ರಾ ಎಂಬ ಎರಡು ನದಿಗಳು ಹುಟ್ಟುತ್ತವೆ. ತುಂಗೆಯು ಶೃಂಗೇರಿ, ತೀರ್ಥಹಳ್ಳಿಗಳನ್ನು ದಾಟಿ ಶಿವಮೊಗ್ಗಕ್ಕೆ ಬರುತ್ತದೆ. ಭದ್ರೆಯು ಲಕ್ಕವಳ್ಳಿಯ ಅಣೆಕಟ್ಟನ್ನು ದಾಟಿ ಭದ್ರಾವತಿಯ ನಡುವೆ ಹರಿಯುತ್ತದೆ. ಕೂಡಲಿಯಲ್ಲಿ ಇವೆರಡೂ ಸಂಗಮಿಸಿ ತುಂಗಭದ್ರೆಯಾಗುತ್ತವೆ. ಮುಂದೆ ಕುಮುದ್ವತಿ, ವರದಾ, ವೇದಾವತಿಗಳನ್ನು ಕೂಡಿಸಿಕೊಂಡು ತುಂಗಭದ್ರೆಯು ಕೃಷ್ಣೆಯನ್ನು ಸೇರುತ್ತದೆ. ಇಂತಹ ಸಂಬಂಧಗಳನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಚಿತ್ರದಲ್ಲಿ ತೋರಿಸುವುದು ಸುಲಭ. ಆ ಚಿತ್ರಕ್ಕೆ ವೃಕ್ಷಚಿತ್ರವೆಂದು ಹೆಸರು.

ವೃಕ್ಷಚಿತ್ರದಲ್ಲಿ ಪ್ರತಿಯೊಂದು ಹೆಸರೂ ಒಂದು ಗಂಟು. ಕೃಷ್ಣೆಯು ಬೇರು; ಅದನ್ನು ಸೇರುವ ಕೊಯ್ನಾ, ಘಟಪ್ರಭಾ, ಮಲಪ್ರಭಾ, ಭೀಮಾ, ತುಂಗಭದ್ರಾ ನದಿಗಳು ಅದರ ಮಕ್ಕಳು. ಮಕ್ಕಳಿಲ್ಲದ ಗಂಟು ಎಲೆ ಎನಿಸುತ್ತದೆ. ಬೇರಿನ ಹೊರತು ಮಿಕ್ಕ ಪ್ರತಿ ಗಂಟಿಗೂ ತಾಯಿ ಒಂದೇ ಆಗಿರಬೇಕೆಂಬುದು ಮರದ ಮುಖ್ಯ ನಿಯಮ. ಮಾಲತಿಯು ತುಂಗೆಯನ್ನು ಮಾತ್ರ ಸೇರುತ್ತದೆ. ಆದುದರಿಂದ ಅದರ ಸ್ಥಾನದ ಬಗೆಗೆ ಸಂದೇಹವಿಲ್ಲ.

ಆದರೆ ಕೃಷ್ಣಾ ಕಣಿವೆಯ ಹಳ್ಳಕೊಳ್ಳಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದರೆ ಹೆಸರುಗಳು ಒಂದರ ಮೇಲೊಂದು ಬಿದ್ದು, ನೋಡುವವನಿಗೆ ಏನೂ ತಿಳಿಯದಂತಾಗುತ್ತದೆ. ಗಣಕಯಂತ್ರದ ಪರದೆಯಲ್ಲಿ ಈ ತೊಡಕಿಗೆ ಪರಿಹಾರವುಂಟು. ಅಲ್ಲಿ ಒಂದು ಗಂಟನ್ನು ಒತ್ತಿದೊಡನೆ ಅದರ ಕವಲುಗಳು ತೆರೆದುಕೊಳ್ಳುತ್ತವೆ. ಮತ್ತೆ ಒತ್ತಿದರೆ ಮುಚ್ಚಿಕೊಳ್ಳುತ್ತವೆ.

ಇದರ ಒಳಗುಟ್ಟು ಸರಳವಾದುದು. ಪ್ರತಿ ಗಂಟಿಗೂ ಎರಡು ಪಟ್ಟಿಗಳಿರುತ್ತವೆ: ಕಾಣುವ ಮಕ್ಕಳದೊಂದು, ಮರೆಯಾದ ಮಕ್ಕಳದೊಂದು. ಮುಚ್ಚಿದಾಗ ಹೆಸರುಗಳು ಮೊದಲ ಪಟ್ಟಿಯಿಂದ ಎರಡನೆಯದಕ್ಕೆ ಹೋಗುತ್ತವೆ, ತೆರೆದಾಗ ಹಿಂದಿರುಗುತ್ತವೆ. ಯಾವುದೂ ಅಳಿಸಿಹೋಗುವುದಿಲ್ಲ. ತುಂಗೆಯ ಕವಲನ್ನು ತೆರೆದಿಟ್ಟು ತುಂಗಭದ್ರೆಯನ್ನು ಮುಚ್ಚಿದರೂ, ಪುನಃ ತೆರೆದಾಗ ತುಂಗೆಯು ತೆರೆದೇ ಇರುತ್ತದೆ.

ಪಟ್ಟಿ ಬದಲಾದೊಡನೆ ಗಣಕವು ಇಡೀ ಚಿತ್ರವನ್ನು ಹೊಸದಾಗಿ ಲೆಕ್ಕಹಾಕುತ್ತದೆ. ಕಾಣುವ ಒಂದೊಂದು ಎಲೆಗೂ ಒಂದೊಂದು ಸಾಲು. ತಾಯಿಯ ಸ್ಥಾನವು ಮೊದಲ ಮತ್ತು ಕೊನೆಯ ಮಕ್ಕಳ ನಟ್ಟನಡುವೆ. ತುಂಗಭದ್ರೆಯು ಮುಚ್ಚಿದ್ದಾಗ ಐದು ಸಾಲುಗಳಿದ್ದು, ಅದು ಐದನೆಯದರಲ್ಲಿರುತ್ತದೆ; ಕೃಷ್ಣೆಯು ಮೂರನೆಯದರಲ್ಲಿ. ತುಂಗಭದ್ರೆಯನ್ನು ತೆರೆದರೆ ಅದರ ಐದು ಉಪನದಿಗಳು 5ರಿಂದ 9ರವರೆಗಿನ ಸಾಲುಗಳನ್ನು ಆಕ್ರಮಿಸುತ್ತವೆ. ಆಗ ತುಂಗಭದ್ರೆಯು ಏಳನೆಯ ಸಾಲಿಗೂ ಕೃಷ್ಣೆಯು ನಾಲ್ಕನೆಯ ಸಾಲಿಗೂ ಸರಿಯುತ್ತವೆ. ಗಂಟುಗಳು ತಟ್ಟನೆ ನೆಗೆದರೆ ಕಣ್ಣು ದಾರಿ ತಪ್ಪುತ್ತದೆ. ಆದುದರಿಂದ ಹೊಸ ಕವಲುಗಳು ತಾಯಿಯಿದ್ದ ಜಾಗದಿಂದಲೇ ಹೊರಟು ಮೆಲ್ಲನೆ ತಮ್ಮ ಸಾಲನ್ನು ಸೇರುವಂತೆ ಏರ್ಪಡಿಸುತ್ತಾರೆ. ಮರಗಳನ್ನು ಅಚ್ಚುಕಟ್ಟಾಗಿ ಬಿಡಿಸುವ ಪ್ರಸಿದ್ಧ ಕ್ರಮವೊಂದನ್ನು ರೀನ್‌ಗೋಲ್ಡ್ ಮತ್ತು ಟಿಲ್ಫೋರ್ಡ್ ಎಂಬ ವಿದ್ವಾಂಸರು 1981ರಲ್ಲಿ ಪ್ರಕಟಿಸಿದರು. 2011ರಲ್ಲಿ ಬಂದ ಡಿ3 ಎಂಬ ತಂತ್ರಾಂಶವು ಇಂತಹ ಚಿತ್ರಗಳನ್ನು ಅಂತರಜಾಲದಲ್ಲಿ ಬಳಕೆಗೆ ತಂದಿತು.

ಮುಚ್ಚುವ ಸೌಕರ್ಯದೊಡನೆ ಒಂದು ಹೊಣೆಯೂ ಬರುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯವು ಸುಮಾರು 71.5 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲುದು, ಶಿವಮೊಗ್ಗಕ್ಕೆ ಮೇಲಿರುವ ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯವಾದರೋ 3.24 ಟಿ.ಎಂ.ಸಿ. ಮಾತ್ರ. ಹೀಗಾಗಿ ಮಲೆನಾಡಿನ ಮಳೆಯ ನೀರು ಗಾಜನೂರಿನಲ್ಲಿ ಹೆಚ್ಚು ಕಾಲ ನಿಲ್ಲದು. 2019ರ ಆಗಸ್ಟ್ ತಿಂಗಳಿನಲ್ಲಿ ತುಂಗೆಯ ಪ್ರವಾಹವು ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತು. ನೀರಿನ ಮಟ್ಟವನ್ನು ತೋರುವ ಚಿತ್ರದಲ್ಲಿ ತುಂಗಭದ್ರೆಯ ಕವಲು ಮುಚ್ಚಿದ್ದು, ಭದ್ರೆ ಶಾಂತವಾಗಿದೆ, ತುಂಗೆ ಉಕ್ಕುತ್ತಿದೆ ಎಂಬ ಭೇದವು ಮರೆಯಾದರೆ ಅಪಾಯವೂ ಮರೆಯಾಗುತ್ತದೆ. ಆದುದರಿಂದ ಮುಚ್ಚಿದ ಗಂಟಿನ ಮೇಲೆ ಒಳಗಿರುವ ಕವಲುಗಳ ಸಂಖ್ಯೆ ಇರಬೇಕು. ಒಳಗಿನ ಯಾವುದೇ ಕವಲಿನಲ್ಲಿ ಅಪಾಯವಿದ್ದರೆ ಅದರ ಬಣ್ಣ ಹೊರಗೂ ಕಾಣಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಭದ್ರಾ ಮೇಲ್ದಂಡೆ ಯೋಜನೆಯು ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರೆಗೆ ಎತ್ತಿ ಹಾಯಿಸುವ ಉದ್ದೇಶವನ್ನು ಹೊಂದಿದೆ. ಆಗ ತುಂಗೆಯ ನೀರಿಗೆ ಎರಡು ದಾರಿಗಳಾಗುತ್ತವೆ. ಒಂದು ಗಂಟಿಗೆ ಒಂದೇ ತಾಯಿ ಎಂಬ ನಿಯಮ ಮುರಿಯುತ್ತದೆ. ಅದು ಮರವಲ್ಲ, ಜಾಲ. ಅಂತಹ ಸಂಬಂಧವನ್ನು ಬೇರೊಂದು ಬಗೆಯ ಗೆರೆಯಿಂದ ತೋರಿಸಬೇಕೇ ಹೊರತು ಮರದೊಳಗೆ ಬಲವಂತವಾಗಿ ತುರುಕಬಾರದು.

ಬೇಕಾದುದನ್ನು ತೋರಿಸಿ ಉಳಿದುದನ್ನು ಮಡಿಸಿಡುವುದು ಒಂದು ಕಲೆ. ಆದರೆ ಮಡಿಸಿಟ್ಟದ್ದು ಉಂಟೆಂಬುದನ್ನು ಮರೆಸದಿರುವುದೇ ಆ ಕಲೆಯ ಸತ್ವ.

ಅಭ್ಯಾಸ

1. ವೃಕ್ಷಚಿತ್ರದ ಮುಖ್ಯ ನಿಯಮವಾವುದು?
2. ಗಂಟನ್ನು ಮುಚ್ಚಿದಾಗ ಅದರ ಮಕ್ಕಳು ಏನಾಗುತ್ತವೆ?
3. ತುಂಗೆಯಿಂದ ಭದ್ರೆಗೆ ನೀರು ಹಾಯಿಸಿದರೆ ಚಿತ್ರವು ಮರವಾಗಿ ಉಳಿಯುವುದಿಲ್ಲ, ಏಕೆ?
4. ನಿಮ್ಮ ತಾಲ್ಲೂಕಿನ ಹಳ್ಳಕೊಳ್ಳಗಳ ವೃಕ್ಷಚಿತ್ರವನ್ನು ಬರೆಯಿರಿ.