ಕತ್ತಿಗೆ ನೀಲಿ ಬಣ್ಣ ಹೇಗೆ ಬರುತ್ತದೆ?

ಬಾಣಸವಾಡಿಯಿಂದ ಬೆಂಗಳೂರು ಕರಗಕ್ಕೆ ಹೋದವರು ವೀರಕುಮಾರರ ಬಿಚ್ಚುಗತ್ತಿ ನೋಡಿರುತ್ತೀರಿ. ಅದು ಬೆಳ್ಳಗೆ ಹೊಳೆಯುತ್ತದೆ. ಆದರೆ ಕೆಲವು ಅಲಂಕಾರದ ಕತ್ತಿಗಳ ಅಲಗು ನೀಲಿ ಇರುತ್ತದೆ. ಎಲ್ಲಾ ಪೇಂಟಲ್ಲ ಕಣ್ರೀ! ಉಜ್ಜಿದ ಉಕ್ಕನ್ನು ಕಾಯಿಸಿದಾಗ ಗಾಳಿಯ ಆಮ್ಲಜನಕ ಸೇರಿ ತೆಳುವಾದ ಪೊರೆ ಕಟ್ಟುತ್ತದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ತಿಳಿಹಳದಿ, 280ಕ್ಕೆ ನೇರಳೆ, 300ರ ಹತ್ತಿರ ನೀಲಿ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ, ಸೋಪಿನ ಗುಳ್ಳೆಯ ಹಾಗೆ. ಬೈಕಿನ ಸೈಲೆನ್ಸರ್ ಪೈಪು ಕಾದು ನೀಲಿಯಾಗುವುದೂ ಹೀಗೇ.

ಇಂಥ ಕತ್ತಿ ಮನೆಯಲ್ಲಿದ್ದರೆ ಆಯುಧಪೂಜೆಗೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ಆ ಪೊರೆಯನ್ನೇ ತಿನ್ನುತ್ತದೆ; ಮತ್ತೆ ಕಾಯಿಸದೆ ಬಣ್ಣ ಬರಲ್ಲ. ಕುಂಕುಮ, ನಿಂಬೆರಸ ತಾಗಿದರೆ ಅವತ್ತೇ ದೊಡ್ಡವರ ಕೈಲಿ ಒರೆಸಿಸಿ. ಬೆವರಿನ ಬೆರಳು ತಾಗಿದ ಕಡೆ ಬೇಗ ತುಕ್ಕು ಹಿಡಿಯುತ್ತೆ. ಹೊಲಿಗೆ ಮಿಷನ್ ಎಣ್ಣೆ ಎರಡು ತೊಟ್ಟು ಮೆತ್ತನೆ ಬಟ್ಟೆಗೆ ಹಾಕಿ ಸವರಿದರೆ ಸಾಕು. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬಾರದು, ಚರ್ಮ ತೇವ ಹಿಡಿದಿಡುತ್ತದೆ.